ದಾದೇಸಾಬ ನಿನಗೆ ಏನಾಗಬೇಕು?

ನನ್ನ ಮಗಳು ಬರೆದ ಪುಸ್ತಕದಲ್ಲಿ ನಾನು ಒಲೆಯ ಮುಂದಿನಿಂದ ಏಳುವುದೇ ಇಲ್ಲ. ಬರುವುದೇ ಅಪರೂಪ, ಬಂದಾಗಲೆಲ್ಲ ರೊಟ್ಟಿ ಬಡಿಯುತ್ತಿರುತ್ತೇನೆ. "ಏ ಹುಡುಗ್ಯಾರ, ಉಂಡು ಹೋಗ್ರಿ" ಎಂದು ಕೂಗುತ್ತೇನೆ. ಅಷ್ಟೊತ್ತಿಗೆ ಹುಡುಗಿಯರು ಅರಳೆಯ ಮೋಡ ಹತ್ತಿ ಹಾರಿರುತ್ತಾರೆ. ನನ್ನ ಮಾತು ಖಾಲಿ ಅಂಗಳಕ್ಕೆ ಬೀಳುತ್ತದೆ.

"ಇಡೀ ಪುಸ್ತಕದಾಗ ನನಗ ಒಂದು ಗ್ಲಾಸು ನೀರು ಕುಡ್ಯಾಕೂ ಪುರಸೊತ್ತು ಕೊಟ್ಟಿಲ್ಲಲ್ಲ ನೀನು" ಎಂದೆ.

"ನೀ ಪೋಷಕ ಪಾತ್ರ ಅವ್ವಾ" ಎಂದಳು ಐಶ್ವರ್ಯ. "ಹಂಗಂದ್ರ ಕತಿ ನಿನ್ನ ಸುತ್ತ ತಿರುಗಂಗಿಲ್ಲ. ಆದ್ರ ನೀ ಇಲ್ಲಂದ್ರ ಕತಿ ನಿಂದ್ರಂಗಿಲ್ಲ."

ಸಂಸಾರದಲ್ಲೂ ಹಾಗೇ ಅಲ್ಲವೇ ಎಂದುಕೊಂಡೆ.

ಐಶ್ವರ್ಯ ಯಲಬುರ್ಗಾದಲ್ಲಿ ಶಾಲೆಯ ಟೀಚರು. ಮಕ್ಕಳಿಗೆ ಪಾಠ ಹೇಳುತ್ತ ಹೇಳುತ್ತ ಅವರಿಗಾಗಿ ಒಂದು ಕಾದಂಬರಿ ಬರೆದಿದ್ದಳು. ಇಬ್ಬರು ಗೆಳತಿಯರ ಕತೆ. ಕುಷ್ಟಗಿಯ ಒಂದು ಓಣಿ. ಓಣಿಯ ಈ ಕಡೆ ಒಬ್ಬಳ ಮನೆ, ಆ ಕಡೆ ಇನ್ನೊಬ್ಬಳ ಅಪ್ಪ ಹಾಸಿಗೆ ಹೊಲಿಯುವ ಗಾದಿ ಅಂಗಡಿ. ಅಂಗಡಿಯಲ್ಲಿ ಹಿಂಜಿದ ಅರಳೆ ಒಂದು ಮಧ್ಯಾಹ್ನ ಉಬ್ಬಿ ಉಬ್ಬಿ ಮೋಡವಾಗಿ, ಹುಡುಗಿಯರನ್ನು ಕೂರಿಸಿಕೊಂಡು ಬಾಗಿಲು ದಾಟುತ್ತದೆ. ದಾಳಿಂಬೆ ತೋಟಗಳ ಮೇಲೆ, ಗಂಗಾವತಿಯ ಕಾಲುವೆಯ ಮೇಲೆ, ಹೇಮಗುಡ್ಡದ ಬಂಡೆಗಳ ಸಂದಿಯಲ್ಲಿ ತೇಲುತ್ತದೆ. ಹುಡುಗಿಯರ ಹೆಸರನ್ನು ಬದಲಿಸಿದ್ದಳು. ದೊಡ್ಡವರ ಹೆಸರನ್ನು ಹಾಗೇ ಬಿಟ್ಟಿದ್ದಳು; ಬದಲಿಸಿದರೆ ಅವರು ಕೈಗೆ ಸಿಗುವುದಿಲ್ಲವಂತೆ. ಬದಲಿಸಿದರೇನು, ಬಿಟ್ಟರೇನು, ಆ ಹುಡುಗಿಯರು ಐಶ್ವರ್ಯ ಮತ್ತು ಅತೀಯಾ ಎಂದು ನಮ್ಮ ಓಣಿಯ ನಾಯಿಗೂ ತಿಳಿಯುತ್ತಿತ್ತು. ಅತೀಯಾ ನಮ್ಮ ಎದುರಿನ ಗಾದಿ ಅಂಗಡಿಯ ದಾದೇಸಾಬಣ್ಣನ ಮಗಳು. ಈಗ ಗಂಗಾವತಿಯ ದವಾಖಾನೆಯಲ್ಲಿ ನರ್ಸು.

ಶ್ರಾವಣದ ರೊಟ್ಟಿ ಹಬ್ಬದ ದಿನ ಐಶ್ವರ್ಯ ಊರಿಗೆ ಬಂದಳು. ಅಚ್ಚಿಗೆ ಹೋಗುವ ಮೊದಲು ಕೊನೆಯ ಸಲ ನೋಡಲು ಕೊಟ್ಟ ಹಾಳೆಗಳು ಅವಳ ಚೀಲದಲ್ಲಿದ್ದವು. ಅತೀಯಾ ಕೂಡ ರಜೆ ಹಾಕಿ ಬಂದಿದ್ದಳು. ಮಧ್ಯಾಹ್ನ ಎಲ್ಲರೂ ಗಾದಿ ಅಂಗಡಿಯಲ್ಲಿ ಸೇರಿದೆವು. ಓದುವುದು ಕೇಳಿಸಲಿ ಎಂದು ದಾದೇಸಾಬಣ್ಣ ಅರಳೆ ಹಿಂಜುವ ಮಷೀನು ನಿಲ್ಲಿಸಿದ. ನಿಲ್ಲಿಸಿದ ಮೇಲೂ ಬಹಳ ಹೊತ್ತು ಅರಳೆ ಗಾಳಿಯಲ್ಲೇ ಇರುತ್ತದೆ. ತಗಡಿನ ತೂತುಗಳಿಂದ ಇಳಿಯುವ ಬಿಸಿಲಿನ ಕೋಲುಗಳಲ್ಲಿ ಮೆಲ್ಲಗೆ ಏರುತ್ತದೆ, ಇಳಿಯುತ್ತದೆ. ಎಲ್ಲಿ ಕೂರಬೇಕೆಂದು ಅದಕ್ಕೇ ಗೊತ್ತಿರುವುದಿಲ್ಲ. ಆ ಅಂಗಡಿಯಲ್ಲಿ ಕೂತರೆ ಯಾರಿಗಾದರೂ ಕಣ್ಣು ಎಳೆಯುತ್ತದೆ. ನಮ್ಮ ಮನೆಯವರು ಅಂದಪ್ಪ ಆಗಲೇ ದಾಳಿಂಬೆ ತೋಟದಿಂದ ಬಂದು ಅರ್ಧ ತುಂಬಿದ ಗಾದಿಯ ಮೇಲೆ ಅರ್ಧ ನಿದ್ದೆಯಲ್ಲಿದ್ದರು. ದಾದೇಸಾಬಣ್ಣನ ಹೆಂಡತಿ ಮುಮ್ತಾಜಬೇಗಂ ದಿಂಬು ಹೊಲಿಯುತ್ತ ಕೂತಿದ್ದಳು.

ಐಶ್ವರ್ಯ ಓದತೊಡಗಿದಳು. ಛಲೋ ಓದುತ್ತಾಳೆ. ಮೋಡ ಬಾಗಿಲು ದಾಟುವ ಜಾಗ ಬಂದಾಗ ಅತೀಯಾ ಗೆಳತಿಯ ತೊಡೆ ಚಿವುಟಿ, "ಏ ಗೂಬಿ, ಮೊದಲ ಹತ್ತಿದಾಕಿ ನಾನು, ನೀ ಅಲ್ಲ" ಎಂದಳು. ಎಲ್ಲರೂ ನಕ್ಕೆವು. ಆಮೇಲೆ ಐಶ್ವರ್ಯ ಓದಿದಳು: "ಆಗ ಎದುರು ಮನೆಯ ದಾದೇಸಾಬ್ ಚಾಚಾ ನಗುತ್ತ ಕೈ ಬೀಸಿದರು."

ಮುಮ್ತಾಜಳ ಸೂಜಿ ನಿಂತಿತು.

"ಯಾರವ್ವ ಇಂವ ಚಾಚಾ?" ಎಂದು ಕೇಳಿದ ದಾದೇಸಾಬಣ್ಣ.

"ನೀನ ಮಾಮಾ."

"ನಾ ಚಾಚಾ ಹೆಂಗಾದೆ?"

ಐಶ್ವರ್ಯ ಹಾಳೆಯ ಅಂಚು ಮಡಚುತ್ತ ಹೇಳಿದಳು. ತಾನು ಮಾಮಾ ಎಂದೇ ಬರೆದಿದ್ದಳಂತೆ. ಪುಸ್ತಕ ಮಾಡುವ ಸಂಪಾದಕರು ಫೋನು ಮಾಡಿ, ಹುಡುಗಿಯ ಅಪ್ಪ ಅಂದಪ್ಪ, ಅವ್ವ ಶಿವಬಸಮ್ಮ, ಸೋದರಮಾವ ಮಾತ್ರ ದಾದೇಸಾಬ ಅಂದರೆ ಓದುವ ಮಕ್ಕಳಿಗೆ ಗೊಂದಲವಾಗುತ್ತದೆ, ಚಾಚಾ ಎಂದು ಮಾಡೋಣ ಅಂದರಂತೆ. ಇವಳು ಹೂಂ ಅಂದಳಂತೆ. "ಚಾಚಾ ಅಂದ್ರ ಯಾರಿಗೂ ಬಿಡಿಸಿ ಹೇಳಬೇಕಾಗಂಗಿಲ್ಲ ಮಾಮಾ. ಒಂದ ಶಬ್ದ. ಬಾಕಿ ಎಲ್ಲಾ ನೀನ ಅದೀ."

"ಹೌದೌದು" ಎಂದ ದಾದೇಸಾಬಣ್ಣ. "ಪುಸ್ತಕದಾಗ ಟೋಪಿ ಹಾಕ್ಕೊಂಡಾಂವ ಬಂದ್ರ ಅಂವ ಚಾಚಾನ. ಓದು ಮುಂದ."

ಅವಳು ಓದಿ ಮುಗಿಸಿದಳು. ಅವನು "ಭಾಳ ಛಲೋ ಬರ್ದಿ" ಎಂದು ಅವಳ ತಲೆಯ ಮೇಲೆ ಕೈಯಿಟ್ಟು, ಎದ್ದು ಹೋಗಿ ಮಷೀನಿನ ಗುಂಡಿ ಒತ್ತಿದ. ಅದು ತಿರುಗತೊಡಗಿದರೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ದಾದೇಸಾಬ ನನಗೆ ಏನಾಗಬೇಕು ಎಂದು ಯಾರಾದರೂ ಕೇಳಿದರೆ ಅಣ್ಣ ಎನ್ನುತ್ತೇನೆ. ಹೇಗೆ ಎಂದು ಕೇಳಿದರೆ ಮಾತ್ರ ಸ್ವಲ್ಪ ಕೂತು ಹೇಳಬೇಕಾಗುತ್ತದೆ.

ನನ್ನ ತವರು ಹುಲಿಹೈದರ. ಅವ್ವ ಅಪ್ಪ ನನ್ನ ಮದುವೆಗೆ ಮೊದಲೇ ತೀರಿದರು, ಒಡಹುಟ್ಟಿದವರಿಲ್ಲ. ದೂರದ ಬಳಗದವರು ನನ್ನನ್ನು ಕುಷ್ಟಗಿಗೆ ಕೊಟ್ಟು ಕೈ ತೊಳೆದುಕೊಂಡರು. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯಬೇಕು. ಕರೆಯದೆ ಹೋಗುವ ಹಾಗಿಲ್ಲ. ಮದುವೆಯಾದ ವರ್ಷದ ಪಂಚಮಿಗೆ ಓಣಿಯ ಸೊಸೆಯಂದಿರೆಲ್ಲ ಗಂಟು ಕಟ್ಟಿಕೊಂಡು ಹೊರಟರು. ನಾನು ಕಸ ಹೊಡೆಯುತ್ತಿದ್ದೆ. ಅತ್ತೆ ಯಮನೂರಮ್ಮ ಕಟ್ಟೆಯ ಮೇಲೆ ಕೂತು, "ಯಾಕವ್ವ, ನಿಮ್ಮ ಊರಿನವ್ರು ಕುಷ್ಟಗಿ ದಾರಿ ಮರ್ತಾರೇನು?" ಎಂದಳು. ಕೆಟ್ಟವಳಲ್ಲ. ಬಾಯಿ ಸುಮ್ಮನಿರುತ್ತಿರಲಿಲ್ಲ, ಅಷ್ಟೆ.

ಅಂಗಳದಲ್ಲಿ ಹಳೆಯ ಗಾದಿ ಬಿಚ್ಚಿ ಅರಳೆ ಹಿಂಜಲು ಎದುರು ಮನೆಯ ಒಬ್ಬ ಹುಡುಗ ವಯಸ್ಸಿನ ಪಿಂಜಾರ ಬಂದಿದ್ದ. ಆಗ ಬಿಲ್ಲಿನಿಂದ ಹಿಂಜುತ್ತಿದ್ದರು. ಟೊಂಯ್ ಟೊಂಯ್ ಎನ್ನುವುದು ನಿಂತಿತು.

"ಯಾವೂರವ್ವ ನಿಂದು?" ಎಂದು ಕೇಳಿದ.

"ಹುಲಿಹೈದರ."

ಅವನು ಬಿಲ್ಲನ್ನು ಗೋಡೆಗೆ ಒರಗಿಸಿದ. ಕೈಕಾಲು ತೊಳೆದ. ಮೈಮೇಲಿನ ಅರಳೆ ಝಾಡಿಸಿಕೊಂಡು ಹೊಸ್ತಿಲ ಹತ್ತಿರ ಬಂದು ಕೂತ. "ಯಮನೂರಮ್ಮಾರ, ನಮ್ಮಪ್ಪನ ಊರು ಹುಲಿಹೈದರ. ತಂಗೀನ್ನ ಪಂಚಮಿಗೆ ಕರ್ಯಾಕ ಬಂದೀನ್ರಿ."

"ಇಷ್ಟೊತ್ತು ಗಾದಿ ಬಿಚ್ಚಾಕತ್ತಿದ್ದೆಲ್ಲೋ!"

"ಗಾದಿ ಬಿಚ್ಚಾಕ ಬಂದಾಂವ ಪಿಂಜಾರ್ರಿ. ಈಗ ಕುಂತಾಂವ ಅಣ್ಣ."

ಕರೆಯಲು ಬಂದ ಅಣ್ಣನನ್ನು ಬರಿಗೈಯಲ್ಲಿ ಕಳಿಸುವುದು ನಮ್ಮ ಮನೆಗಳಲ್ಲಿ ಪಾಪ. ಅತ್ತೆ ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಅವನಿಗೆ ತಾಟಿನಲ್ಲಿ ಊಟ ತಂದಿಟ್ಟಳು. ಆ ಹೊತ್ತಿನಿಂದ ಅವನು ನನಗೆ ಅಣ್ಣ. ಓಣಿಯ ಆ ಕಡೆಯ ಮನೆ ನನಗೆ ತವರು. ಐಶ್ವರ್ಯಳಿಗೆ ಮೊದಲ ಕೂದಲು ತೆಗೆಸಿದಾಗ ಸೋದರಮಾವನ ತೊಡೆ ಬೇಕಲ್ಲ, ಅವನೇ ಕೂತ. ಪ್ರತಿ ಪಂಚಮಿಗೂ ಅವನು ಕರೆಯಲು ಬರುತ್ತಾನೆ, ನಾನು ಹೋಗುತ್ತೇನೆ, ಮುಮ್ತಾಜ ನನ್ನ ಉಡಿ ತುಂಬಿ ಮರುದಿನ ಕಳಿಸುತ್ತಾಳೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಡಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ.

ಮರುದಿನ ನಾಗರ ಚೌತಿ. ನಾನು ಕಟ್ಟೆಯ ಮೇಲೆ ಕೂತು ಉಂಡಿಗೆಂದು ಹುರಿದ ಶೇಂಗಾದ ಸಿಪ್ಪೆ ಉಜ್ಜುತ್ತಿದ್ದೆ. ದಾದೇಸಾಬಣ್ಣ ಬಂದ. ದಿನಾ ಸೀದಾ ಒಲೆಯ ತನಕ ಬರುವವನು ಇಂದು ಮೆಟ್ಟಿಲ ಕೆಳಗೇ ನಿಂತ.

"ವೈನೀ, ಅಣ್ಣಾರು ಅದಾರೇನ್ರಿ?"

ವೈನಿ ಅಂದರೆ ಅಣ್ಣನ ಹೆಂಡತಿ; ನನ್ನ ಕೈ ನಿಂತಿತು. "ಯಾವ ಅಣ್ಣಾರು?"

"ಅಂದಪ್ಪಣ್ಣಾರು."

ಒಳಗಿನಿಂದ ನಮ್ಮವರು, "ಏನೋ ಸಾಬಾ, ತಲಿಯಾಗ ಅರಳಿ ಹೊಕ್ಕೈತೇನು?" ಎಂದು ನಗುತ್ತ ಹೊರಗೆ ಬಂದರು. ಇಷ್ಟು ವರ್ಷ ಅವನು ಅವರನ್ನು ಭಾವ ಎಂದು ಕರೆದು, ಭಾವನಿಗೆ ಆಡಬಹುದಾದ ಚೇಷ್ಟೆಯ ಮಾತೆಲ್ಲ ಆಡಿದವನು.

"ಹಂಗ ಅನಬ್ಯಾಡ್ರಿ ಅಣ್ಣಾರ" ಎಂದ ದಾದೇಸಾಬಣ್ಣ, ಕೈ ಕಟ್ಟಿಕೊಂಡು. "ನಿಮ್ಮ ಮಗಳು ಬರ್ದಾಳ. ಆಕಿಗೆ ನಾ ಚಾಚಾ ಅಂದ್ರ ಕಾಕಾ. ಕಾಕಾ ಅಂದ್ರ ನಿಮಗ ತಮ್ಮ. ತಮ್ಮಾದಾಂವ ಅಣ್ಣಗ ಎದುರು ಮಾತಾಡಬಾರ್ದು."

"ಅಂದ್ರ ಈಗ ಹೊಲದಾಗ ಪಾಲು ಕೇಳಾಕ ಬಂದಿ ಅನ್ನು."

"ಕೇಳಬೇಕಾಗ್ತೈತಿ ಮತ್ತ. ದಾಳಿಂಬಿ ಗಿಡ ಇರೋ ಕಡೀದ ನನಗ ಇರ್ಲಿ."

ನಮ್ಮವರು ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಅವನು ನನ್ನ ಕಡೆ ತಿರುಗಿದ, ಕಣ್ಣು ಮಾತ್ರ ನನ್ನ ಮುಂದಿನ ಮೊರದ ಮೇಲಿತ್ತು.

"ನಾಳಿ ಪಂಚಮಿ ಅಲ್ಲೇನ್ರಿ ವೈನಿ. ನಿಮ್ಮ ಅಣ್ಣಾರು ಕರ್ಯಾಕ ಬರ್ತಾರೇನ್ರಿ?"

"ಬರ್ತಾನ" ಎಂದೆ. "ಅವಂಗ ದಾರಿ ಗೊತ್ತೈತಿ."

ಅವನು ಓಣಿ ದಾಟಿ ಹೋದ.

ಸ್ವಲ್ಪ ಹೊತ್ತಿಗೆ ಮುಮ್ತಾಜ ಬಂದು ನನ್ನ ಪಕ್ಕ ಕೂತು ತಾನೂ ಶೇಂಗಾ ಉಜ್ಜತೊಡಗಿದಳು. "ಅರೇ ಶಿವಬಸಮ್ಮಾ, ನಗಚಾಟಿಕಿ ಮಾಡಾಕತ್ಯಾರ ಅಂತ ತಿಳ್ಕೋಬ್ಯಾಡ. ನಗು ಮ್ಯಾಲಿಂದು. ನಿನ್ನೆ ಉಂಡಿಲ್ಲ. ಹೊಟ್ಟಿ ತುಂಬೈತಿ ಅಂದ್ರು. ಹೊಟ್ಟಿ ಎದರಿಂದ ತುಂಬೈತಿ ಅಂತ ನಾ ಕೇಳಲಿಲ್ಲ."

"ಮಗಳಿಗೆ ಬೈಬೇಕಾಗಿತ್ತು."

"ಮಾಮಾ ಆಗಿದ್ರ ಬೈತಿದ್ರು. ಚಾಚಾ ಹೆಂಗ ಬೈತಾರ, ಹೊರಗಿನಾಂವ?" ಮುಮ್ತಾಜ ಸಿಪ್ಪೆಯನ್ನು ಊದಿದಳು. "ಮತ್ತ ನಾನು? ಇಷ್ಟು ದಿನ ನೀ ನನಗ ನಾದಿನಿ. ಈಗ ಅಣ್ಣ ತಮ್ಮಂದಿರ ಹೆಂಡ್ರು, ನೆಗೆಣ್ಣಿ ಆದಿ. ನೆಗೆಣ್ಣ್ಯಾರು ಅಂದ್ರ ಒಲಿ ಸಲುವಾಗಿ ಜಗಳಾಡಬೇಕಂತ. ಯಾವಾಗ ಶುರು ಮಾಡೂಣು?"

ಇಬ್ಬರೂ ನಕ್ಕೆವು. ನಕ್ಕ ಮೇಲೆ ಇಬ್ಬರೂ ಮತ್ತೆ ಶೇಂಗಾ ಉಜ್ಜತೊಡಗಿದೆವು.

ಅಪ್ಪ ಹಿಡಿದ ಹಟವನ್ನು ಮಗಳು ಬಿಡುತ್ತಾಳೆಯೇ? ಅತೀಯಾ ಬಾಗಿಲಲ್ಲಿ ನಿಂತು ತಲೆಯ ಮೇಲೆ ಸೆರಗು ಹೊದ್ದು, "ಐಶ್ವರ್ಯಕ್ಕಾರ, ಚಾ ಆಗೈತಿ, ಬರ್ತೀರೇನ್ರಿ?" ಎಂದಳು. ಐಶ್ವರ್ಯ ಮೊದಲು ನಕ್ಕಳು. ಮತ್ತೊಮ್ಮೆ ಕರೆದಾಗ ನಗಲಿಲ್ಲ.

"ಸಾಕ ಮಾಡ. ಒಮ್ಮೆ ಬೈಯ್ಯ ನನ್ನ."

"ಅಕ್ಕಾರಿಗೆ ಬೈಬಾರ್ದ್ರಿ. ನೀವು ನನಕಿಂತ ದೊಡ್ಡೋರು."

"ಒಂದು ತಿಂಗಳಿಗೆ ದೊಡ್ಡಾಕಿ ನಾನು!"

"ದೊಡ್ಡೋರು ದೊಡ್ಡೋರ ಅಲ್ಲೇನ್ರಿ."

ಅತ್ತೆಯ ಮಗಳು, ಮಾವನ ಮಗಳು ಅಂದರೆ ಒಬ್ಬರನ್ನೊಬ್ಬರು ಬೈಯಲು, ಚಿವುಟಲು, ಜಡೆ ಎಳೆಯಲು ಹುಟ್ಟಿದವರು. ಅಕ್ಕ ತಂಗಿಯರಲ್ಲಿ ಹಿರಿಯಳು ಕಿರಿಯಳು ಬಂದುಬಿಡುತ್ತದೆ. ಈ ಇಬ್ಬರ ಗೆಳೆತನ ಬೆಳೆದದ್ದೇ ಬೈಗುಳದಲ್ಲಿ. ಐಶ್ವರ್ಯ ತನ್ನ ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ತಾನೇ ಬರೆದ ಆ ಹುಡುಗಿಯರ ಜಗಳಗಳನ್ನು ಮತ್ತೆ ಮತ್ತೆ ಓದುತ್ತಿದ್ದುದನ್ನು ನಾನು ಕಂಡೆ. ಬುದ್ಧಿಮಾತನ್ನೂ ಹಸಿದವರಿಗೆ ಮಾತ್ರ ಬಡಿಸಬೇಕು.

ಮಧ್ಯಾಹ್ನ ಉಂಡಿ ಕಟ್ಟಿ ಮುಗಿಸಿ ಪಡಸಾಲೆಯಲ್ಲಿ ಹಾಗೇ ಒರಗಿದೆ. ಎದುರಿನ ಮಷೀನಿನ ಸದ್ದು ದೂರದ ಹಳ್ಳದಂತೆ ಕೇಳುತ್ತಿತ್ತು. ಯಾವಾಗ ಕಣ್ಣು ಮುಚ್ಚಿದೆನೋ.

ಓಣಿಯಲ್ಲಿ ಅರಳೆಯ ಮೋಡ ನಿಂತಿತ್ತು. ಐಶ್ವರ್ಯ, ಅತೀಯಾ ಚಿಕ್ಕವರಾಗಿ ಮುಂದೆ ಕೂತಿದ್ದರು, ಒಂದೇ ತರಹದ ರಿಬ್ಬನ್ನು. ನಾನೂ ಹತ್ತಿದೆ. ಯಾರೂ ಬೇಡ ಅನ್ನಲಿಲ್ಲ. ಹಿಂದೆ ದಾದೇಸಾಬಣ್ಣ ಹಳೆಯ ಬಿಲ್ಲು ಹಿಡಿದು ನಿಂತಿದ್ದ. ಅವನು ಒಮ್ಮೆ ಬಿಲ್ಲಿನ ನಾರಿ ಮೀಟಿದರೆ ಟೊಂಯ್ ಎಂದು ಮೋಡ ಒಂದು ಮಾರು ದೊಡ್ಡದಾಗುತ್ತಿತ್ತು. ಬಸ್‌ಸ್ಟ್ಯಾಂಡು ಕೆಳಗೆ ಹೋಯಿತು. ನಮ್ಮ ತೋಟ ಹೋಯಿತು, ದಾಳಿಂಬೆಗಳು ಸಣ್ಣ ಸಣ್ಣ ದೀಪಗಳಂತೆ ಉರಿಯುತ್ತಿದ್ದವು. ಜೋಳದ ಹೊಲಗಳ ಮೇಲೆ ನಮ್ಮ ನೆರಳು ಓಡುತ್ತಿತ್ತು. ಆಮೇಲೆ ಗುಡ್ಡಗಳು, ಗುಡ್ಡಗಳ ನಡುವೆ ಹುಲಿಹೈದರ. ಎಲ್ಲ ಮನೆಯ ಬಾಗಿಲೂ ತೆರೆದಿದ್ದವು. ಎಲ್ಲ ಬಾಗಿಲಲ್ಲೂ ಯಾರೋ ಒಬ್ಬರು ಕೈ ಹಣೆಗೆ ಹಚ್ಚಿ ಮೇಲೆ ನೋಡುತ್ತಿದ್ದರು, ತಮ್ಮ ತಮ್ಮ ಮಗಳು ಬಂದಳೇ ಎಂದು. ಮೋಡ ಓಣಿ ಓಣಿ ಸುತ್ತಿತು. ನನ್ನನ್ನು ನೋಡಿ ಯಾರೂ ಕೈ ಇಳಿಸಲಿಲ್ಲ. ಹಿಂದಿನಿಂದ ದಾದೇಸಾಬಣ್ಣ ಬಹಳ ಮರ್ಯಾದೆಯಿಂದ ಕೇಳಿದ:

"ವೈನೀ, ಎಲ್ಲಿ ಇಳಸ್ಲಿ? ನಿಮ್ಮ ಮನಿ ಯಾವುದ್ರಿ?"

ಎಚ್ಚರಾದಾಗ ಐಶ್ವರ್ಯ ನನ್ನ ತಲೆದೆಸೆಯಲ್ಲಿ ಕೂತಿದ್ದಳು.

"ನಿದ್ದ್ಯಾಗ ಅಳಾಕತ್ತಿದ್ದಿ ಅವ್ವಾ."

"ಇಲ್ಲ. ಗಾಳಿ ಭಾಳ ಇತ್ತು ಅಲ್ಲಿ."

ಅವಳು ನಗಲಿಲ್ಲ. "ನಾ ಬದಲ ಮಾಡಿದ್ದು ಒಂದು ಶಬ್ದ ಅವ್ವಾ, ಒಂದ ಶಬ್ದ" ಎಂದಳು.

"ಗಾದಿ ನೋಡಿಯಲ್ಲ. ನಡು ನಡುವ ದಪ್ಪ ದಾರದಿಂದ ಹೊಲಿಗಿ ಹಾಕಿರ್ತಾರ. ಅದನ್ನ ಒಂದು ಬಿಚ್ಚು, ಅರಳಿ ಎಲ್ಲಾ ಸರದು ಒಂದು ಮೂಲಿಗೆ ಕೂಡ್ತೈತಿ. ಅರಳಿ ಕಡಿಮಿ ಆಗಂಗಿಲ್ಲ. ಆದ್ರ ಮಲಗಾಕ ಬರಂಗಿಲ್ಲ."

"ಸಂಪಾದಕರು ಛಲೋ ಮನಶ್ಯಾರು. ಅವ್ರು ಕೆಟ್ಟದ್ದಕ್ಕ ಹೇಳಿಲ್ಲ. ಈಗ ಬ್ಯಾಡ ಅಂದ್ರ ಪುಸ್ತಕ ತಡಾ ಆಗ್ತೈತಿ. ಇಲ್ಲಾ ಆಗಂಗಿಲ್ಲ ಅಂದ್ರೂ ಅನಬಹುದು. ನಂದು ಮೊದಲನೇ ಪುಸ್ತಕ."

"ಹೌದು, ನಿನಗ ಪುಸ್ತಕ ದೊಡ್ಡದು. ಬ್ಯಾಡ ಅನ್ನಂಗಿಲ್ಲ ನಾನು" ಎಂದೆ. ಎದ್ದು ಕೂತು ಕೂದಲು ಗಂಟು ಹಾಕಿಕೊಂಡೆ. "ನಂದು ಒಂದ ಮಾತು ಕೇಳು. ನಾಳಿ ಪಂಚಮಿ. ಅಂವ ಅಣ್ಣ ಅಲ್ಲಂದ್ರ ನನಗ ಹೋಗಾಕ ಮನಿ ಇಲ್ಲ. ಎದುರಿಗೇ ಐತಿ, ಬಾಗಲಾ ತೆರದ ಇರ್ತೈತಿ, ಚಾ ಕುಡದು ಬರಬಹುದು. ಆದ್ರ ಅದು ನೆರಿಮನಿ. ತವರಲ್ಲ."

ಐಶ್ವರ್ಯ ಬಾಗಿಲಾಚೆ ನೋಡುತ್ತ ಕೂತಳು. ಅಂಗಡಿಯಿಂದ ಒಂದೆರಡು ಎಳೆ ಅರಳೆ ತೇಲಿ ಬಂದು ನಮ್ಮ ಹೊಸ್ತಿಲ ಹತ್ತಿರ ತಿರುಗುತ್ತಿದ್ದವು.

ಪಂಚಮಿಯ ಬೆಳಗ್ಗೆ ಹೆಣ್ಣುಮಕ್ಕಳೆಲ್ಲ ಹುತ್ತಕ್ಕೆ ಹಾಲೆರೆದು ಬಂದೆವು. ನಾನು ಹೊಸ ಇಳಕಲ್ ಸೀರೆ ಉಟ್ಟೆ. ಉಂಡಿಯ ಡಬ್ಬಿ, ಒಂದು ಸೀರೆ, ಬಾಚಣಿಕೆ ಚೀಲಕ್ಕೆ ಹಾಕಿ ಕಟ್ಟೆಯ ಮೇಲೆ ಕೂತೆ. ಬಿಸಿಲು ಕಟ್ಟೆ ಹತ್ತಿತು. ಎದುರಿಗೆ ಅಂಗಡಿ ತೆರೆದಿತ್ತು, ಮಷೀನು ತಿರುಗುತ್ತಿತ್ತು. ಪಂಚಮಿಯ ದಿನ ಅವನು ಮಷೀನು ಹಚ್ಚಿದ್ದನ್ನು ನಾನು ಕಂಡೇ ಇರಲಿಲ್ಲ.

"ನಾನ ಬಿಟ್ಟು ಬರ್ಲೇನು?" ಎಂದರು ನಮ್ಮವರು, ಪಾಪ, ನನ್ನ ಮುಖ ನೋಡಲಾಗದೆ. "ಓಣಿ ದಾಟೋದು ಐತಿ, ಅಷ್ಟ."

"ಗಂಡ ಬಿಟ್ಟು ಬಂದ್ರ ಅದು ತವರಿಗೆ ಕಳ್ಸಿದಂಗಲ್ಲ, ಮನಿ ಬಿಡ್ಸಿದಂಗ" ಎಂದೆ.

ಅವರು ಒಳಗೆ ಹೋದರು. ಅಷ್ಟರಲ್ಲಿ ಐಶ್ವರ್ಯ ಫೋನು ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ನನಗೂ ಕೇಳಲಿ ಎಂದು ಸ್ಪೀಕರ್ ಹಾಕಿದಳು.

"ಹೇಳಿ ಐಶ್ವರ್ಯ ಅವರೇ, ಹಬ್ಬ ಜೋರಾ?" ಅತ್ತ ಕಡೆಯ ದನಿ ಮೃದುವಾಗಿತ್ತು.

"ಸರ್, ಚಾಚಾ ಬ್ಯಾಡ್ರಿ. ಮೊದಲಿನಂಗ ಮಾಮಾ ಅಂತ ಇರ್ಲಿ."

"ಅದರ ಬಗ್ಗೆ ಮಾತಾಡಿದ್ದೆವಲ್ಲ? ದಾದೇಸಾಬ್ ಆ ಹುಡುಗಿಗೆ ಸೋದರಮಾವ ಹೇಗಾದರು ಅಂತ ಮಕ್ಕಳು ಕೇಳ್ತಾರೆ."

"ಕೇಳ್ಲಿ ಬಿಡ್ರಿ ಸರ್."

"ಯಾರು ಉತ್ತರ ಹೇಳಬೇಕು?"

"ನಮ್ಮ ಓಣ್ಯಾಗ ನಾನೂ ಕೇಳಿಲ್ಲ, ಅತೀಯಾನೂ ಕೇಳಿಲ್ಲ. ಮಾಮಾ ಅಂದ್ರು, ಮಾಮಾ ಅಂದ್ವಿ. ಮಕ್ಕಳು ಅಷ್ಟ ಸಲೀಸಾಗಿ ತಗೋತಾರ ಸರ್. ಗೊಂದಲ ಆಗೋದು ನಮಗ." ಅವಳು ಉಸಿರು ತೆಗೆದುಕೊಂಡಳು. "ಮತ್ತ ಇನ್ನೊಂದು. ಅಂವ ಮಾಮಾ ಅಲ್ಲಂದ್ರ ಕತಿಯಾಗಿನ ಗೆಳತಿ ಈಕಿಗೆ ಬೈಯ್ಯಂಗಿಲ್ಲ. ನಿನ್ನೆಯಿಂದ ನನ್ನ ಗೆಳತಿ ನನಗ ಒಂದು ಬೈಗುಳಾನೂ ಬೈದಿಲ್ರಿ. ಅಂಥ ಗೆಳೆತನದ ಮ್ಯಾಲೆ ನಾ ಪುಸ್ತಕ ಬರ್ಯಾಕ ಆಗಂಗಿಲ್ಲ."

ಆ ಕಡೆ ಅವರು ನಕ್ಕದ್ದು ಕೇಳಿಸಿತು.

"ಅಚ್ಚಿನ ಸರದಿ ತಪ್ಪುತ್ತೆ. ಪುಸ್ತಕ ದಸರಾ ಆದ ಮೇಲೆಯೇ."

"ಆಗ್ಲಿ ಸರ್."

"ಎಲ್ಲೆಲ್ಲಿ ಚಾಚಾ ಇದೆಯೋ ಎಲ್ಲ ಕಡೆ ಗುರುತು ಹಾಕಿ ಕಳಿಸಿ. ಒಂದೂ ಬಿಡಬೇಡಿ."

ಫೋನು ಕೆಳಗಿಟ್ಟು ಐಶ್ವರ್ಯ ನನ್ನ ಮುಖ ನೋಡಲಿಲ್ಲ. ಹಾಳೆಗಳನ್ನು ಎದೆಗವಚಿಕೊಂಡು, ಪೆನ್ನು ಹಲ್ಲಲ್ಲಿ ಕಚ್ಚಿ, ಚಿಕ್ಕವಳಿದ್ದಾಗ ಓಡುತ್ತಿದ್ದ ಹಾಗೆಯೇ ಓಣಿ ದಾಟಿ ಓಡಿದಳು.

ಅಣ್ಣ ಬಂದು ಕರೆಯದೆ ನಾನು ಏಳುವ ಹಾಗಿರಲಿಲ್ಲ. ಕೂತಲ್ಲಿಂದಲೇ ನೋಡಿದೆ. ಅಂಗಡಿಯ ಒಳಗೆಲ್ಲ ಬೆಳ್ಳಗೆ ಮಂಜು ಕವಿದಂತೆ ಅರಳೆ ಹಾರುತ್ತಿತ್ತು. ಅದರೊಳಗೆ ನನ್ನ ಮಗಳು ಏನೋ ಹೇಳುತ್ತಿದ್ದಳು. ದಾದೇಸಾಬಣ್ಣ ಕಿವಿ ತೋರಿಸಿ ಕೇಳಿಸುವುದಿಲ್ಲ ಎಂದು ಕೈಯಾಡಿಸಿದ. ಇವಳು ಹೋಗಿ ಗುಂಡಿ ಒತ್ತಿದಳು. ಮಷೀನು ನಿಂತಿತು, ಆದರೂ ಮಾತು ನನ್ನ ತನಕ ಬರಲಿಲ್ಲ. ಅವಳು ಗಾದಿಯ ಮೇಲೆ ಹಾಳೆಗಳನ್ನು ಹರಡಿ, ಬಗ್ಗಿ ಕೂತು, ಹೊಡೆದು ಹಾಕಿ ಮೇಲೆ ಬರೆಯುತ್ತ ಹೋದಳು. ಪ್ರತಿ ಸಲ ಬರೆದಾಗಲೂ ಹಾಳೆ ಎತ್ತಿ ಅವನಿಗೆ ತೋರಿಸುತ್ತಿದ್ದಳು. ಅವನು ಕನ್ನಡಕವಿಲ್ಲದೆ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡುತ್ತಿದ್ದ. ಒಂದು ಹಾಳೆಯನ್ನು ಮಾತ್ರ ಬಹಳ ಹೊತ್ತು ಮುಖದ ಮುಂದೆ ಹಿಡಿದೇ ಇದ್ದ; ಓದಲಿಕ್ಕಲ್ಲ ಎಂದು ಇಲ್ಲಿಂದಲೇ ತಿಳಿಯಿತು. ಒಳಗಿನಿಂದ ಅತೀಯಾ ಬಂದು ಐಶ್ವರ್ಯಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಇವಳು ತಿರುಗಿ ಅವಳ ಜಡೆ ಹಿಡಿದಳು. ಇಬ್ಬರೂ ಅರಳೆಯ ರಾಶಿಯಲ್ಲಿ ಬಿದ್ದರು.

ದಾದೇಸಾಬಣ್ಣ ಓಣಿ ದಾಟಿದ. ತಲೆ, ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿತ್ತು. ಝಾಡಿಸಿಕೊಳ್ಳದೆ ಮೆಟ್ಟಿಲು ಹತ್ತಿ, ನನ್ನನ್ನು ದಾಟಿ ಸೀದಾ ಅಡಿಗೆಮನೆಗೆ ಹೋಗಿ ಒಂದು ಉಂಡಿ ಬಾಯಿಗೆ ಹಾಕಿಕೊಂಡು ಹೊರಗೆ ಬಂದ.

"ಏನ್ ತಂಗೀ, ಇನ್ನೂ ಕುಂತಿಯಲ್ಲ. ನಡಿ."

ನಾನು ಏಳಲಿಲ್ಲ. "ನಿನ್ನೆ ಒಬ್ಬಾಂವ ಬಂದು ವೈನಿ ಅಂದು ಹೋದ."

"ಅಂವೇನು, ಅಂವ ಚಾಚಾ. ನಾ ನೋಡೀನಲ್ಲ ಅವನ್ನ. ಈಗ ನಿನ್ನ ಮಗಳು ಅವನ್ನ ಪೆನ್ನಿಲೆ ಹೊಡದು ಹಾಕಿದ್ಲು." ಹೊರಗೆ ಬಂದ ನಮ್ಮವರ ಕಡೆ ತಿರುಗಿದ. "ಭಾವಾ, ಕರ್ಕೊಂಡು ಹೋಗ್ತೀನಿ. ನಾಳಿ ಬಂದು ಕರ್ಕೊಂಡು ಹೋಗು. ಬರಾಕ ಒಲ್ಲೆ ಅಂದ್ರ ನಾವ ಇಟ್ಕೋತೀವಿ."

"ಇಟ್ಕೋ ಇಟ್ಕೋ. ಹೊಲದಾಗಿನ ಪಾಲು ಬಿಟ್ಟು ಕೊಡ್ತೀಯಂದ್ರ."

"ನಿನ್ನ ಹೊಲಾ ಯಾರಿಗೆ ಬೇಕೋ ಮಾರಾಯ, ಎಲ್ಲಾ ಕಲ್ಲು. ನಡಿಯವ್ವ, ನಿಮ್ಮತ್ತಿಗಿ ಮುಂಜಾನಿಂದ ಹೋಳಿಗಿ ಮಾಡಿ ಇಟ್ಕೊಂಡು ನನಗ ಬೈಯಾಕತ್ಯಾಳ."

ಅವನು ನನ್ನ ಚೀಲ ಹೆಗಲಿಗೆ ಹಾಕಿಕೊಂಡ. ನಾನು ಸೆರಗು ಹೊದ್ದು ಅವನ ಹಿಂದೆ ನಡೆದೆ. ಪಕ್ಕದ ಮನೆಯವರು ಕೇಳಿದರು, ಎಲ್ಲಿಗೆ ಹೊಂಟಿ ಶಿವಬಸಮ್ಮಾ ಎಂದು. ಗೊತ್ತಿದ್ದೇ ಕೇಳುತ್ತಾರೆ. ನಾನೂ ಗೊತ್ತಿದ್ದೇ ಹೇಳಿದೆ, ತವರಿಗೆ ಎಂದು.

ಮುಮ್ತಾಜಳ ಹಿತ್ತಲಿನ ಬೇವಿನ ಮರಕ್ಕೆ ಹಗ್ಗ ಕಟ್ಟಿ ಆಗಿತ್ತು. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನ ಹೆಂಗಸು ನಾನು, ನನ್ನನ್ನು ಜೋಕಾಲಿಯ ಮೇಲೆ ಕೂರಿಸಿದರು. ಐಶ್ವರ್ಯ, ಅತೀಯಾ ಇಬ್ಬರೂ ಮೈತುಂಬ ಅರಳೆ ಮೆತ್ತಿಕೊಂಡು, ಯಾರು ಮೊದಲು ಮೋಡ ಹತ್ತಿದ್ದು ಎಂದು ಮತ್ತೆ ಜಗಳ ತೆಗೆದಿದ್ದರು. ದಾದೇಸಾಬಣ್ಣ ಹಿಂದೆ ನಿಂತು ತೂಗಿದ. ಬೇವಿನ ಎಲೆಗಳ ನಡುವೆ ಬಿಸಿಲು ಪುಡಿಪುಡಿಯಾಗಿ ಬೀಳುತ್ತಿತ್ತು. ನಾನು ಕಣ್ಣು ಮುಚ್ಚಿದೆ. ಜೋಕಾಲಿ ಹಿಂದಕ್ಕೆ ಹೋದಾಗ ಕುಷ್ಟಗಿ, ಒಗ್ಗರಣೆಯ ವಾಸನೆ, ಹೊಸ ಅರಳೆಯ ವಾಸನೆ. ಮುಂದಕ್ಕೆ ಹೋದಾಗ ಗುಡ್ಡದ ಗಾಳಿ, ಯಾವುದೋ ಬಾಗಿಲು, ಹಣೆಯಿಂದ ಇಳಿಯುತ್ತಿರುವ ಒಂದು ಕೈ.

"ಸಾಕೇನು ತಂಗೀ? ಇಳೀತಿಯೇನು?" ಎಂದ ಅವನು ಏದುಸಿರು ಬಿಡುತ್ತ.

"ತೂಗಣ್ಣಾ" ಎಂದೆ. "ಇನ್ನೂ ಊರು ಬಂದಿಲ್ಲ."